ಒದ್ದೆ ತಲೆಗೆ ಮುಚ್ಚಿದ ಕಿಟಕಿಗಳು

ಮನೆ, ಹಿಂದಿನ ಕೋಣೆ
ಭಾನುವಾರ, ಜನವರಿ ೧೮

ಪುಟ್ಟಿಯ ಅಪ್ಪನಿಗೆ,

ಹೇಗಿದ್ದೀರಿ? ಕೆಮ್ಮು ಹೇಗಿದೆ? ರಾತ್ರಿ ಬೆವರುವುದು ನಿಂತಿತೇ, ಇಲ್ಲ ಇನ್ನೂ ನಡುರಾತ್ರಿ ಎದ್ದು ಬನಿಯನ್ ಬದಲಾಯಿಸುತ್ತಿದ್ದೀರಾ? ಕಾಗದದ ಮೊದಲ ಸಾಲಿನಲ್ಲಿ ಕ್ಷೇಮ ಕೇಳುವುದು ರೂಢಿ, ಉತ್ತರಕ್ಕೆ ಯಾರೂ ಕಾಯುವುದಿಲ್ಲ. ನಾನು ಕಾಯುತ್ತಿದ್ದೇನೆ. ಪುಟ್ಟಿ ಚೆನ್ನಾಗಿದ್ದಾಳೆ. ಹಲ್ಲು ಬಿದ್ದ ಸಂದಿಯಲ್ಲಿ ನಾಲಗೆ ತೂರಿಸಿ ಸೀಟಿ ಹೊಡೆಯುವುದನ್ನು ಕಲಿತಿದ್ದಾಳೆ, ಪಕ್ಕದ ಮನೆಯ ನಾಯಿ ಪ್ರತಿ ಸಲವೂ ಓಡಿಬಂದು ಪೆಚ್ಚಾಗಿ ವಾಪಸು ಹೋಗುತ್ತದೆ. ನನ್ನ ಸುದ್ದಿಗೆ ಆಮೇಲೆ ಬರುತ್ತೇನೆ.

ಫೋನ್ ಮಾಡಬಹುದಿತ್ತಲ್ಲ ಅಂತ ನೀವು ಕೇಳುತ್ತೀರಿ. ಫೋನಿನಲ್ಲಿ ನೀವು ಮಾತು ತಿರುಗಿಸುತ್ತೀರಿ. ಕಾಗದವನ್ನು ತಿರುಗಿಸಿದರೆ ಅದರ ಹಿಂದೆಯೂ ನನ್ನ ಅಕ್ಷರವೇ ಇರುತ್ತದೆ. ಲಕೋಟೆಯ ಮೇಲಿನ ವಿಳಾಸ ನೋಡಿದಾಗಲೇ ಎದೆ ಧಸಕ್ಕೆಂದಿರಬೇಕು. ನೀವು ಹೇಳಿ ಹೊರಟ ಪ್ರಕಾರ ಈಗ ನೀವಿರಬೇಕಾದದ್ದು ಬೇರೆ ಊರಿನಲ್ಲಿ, ಹೊಸ ಕಟ್ಟಡವೊಂದರ ಲಿಫ್ಟಿನ ಗುಂಡಿಯಲ್ಲಿ, ಕೈತುಂಬ ಗ್ರೀಸು ಬಳಿದುಕೊಂಡು. "ಒಂದು ತಿಂಗಳ ಕೆಲಸ ಕಣೇ, ಮೇಸ್ತ್ರಿ ಬಿಡ್ತಾ ಇಲ್ಲ" ಅಂದಿರಿ, ಬೆಣ್ಣೆಯಿಂದ ಕೂದಲು ತೆಗೆದ ಹಾಗೆ. ನಾನೇ ನಿಮ್ಮ ಅಂಗಿಗಳನ್ನು ಗರಿಗರಿಯಾಗಿ ಇಸ್ತ್ರಿ ಮಾಡಿ, ಮಡಿಸಿ ಚೀಲ ತುಂಬಿಸಿಕೊಟ್ಟೆ. ಈ ಕಾಗದ ಹಾಕಿದ್ದು ನಿಮ್ಮ ಅಮ್ಮನ ಮನೆಗೆ. ಅಲ್ಲೇ ನಿಮ್ಮ ಕೈ ಸೇರಿತಲ್ಲ, ಸದ್ಯ.

ಮೊದಲು ನಿಮ್ಮ ಒದ್ದೆ ತಲೆಯ ವಿಷಯ ಮುಗಿಸಿಬಿಡೋಣ. ಎರಡು ಚಳಿಗಾಲದಿಂದ ನೀವು ಪ್ರತಿ ಶನಿವಾರ ಸಂಜೆ ಮನೆಗೆ ಬಂದದ್ದು ತೊಟ್ಟಿಕ್ಕುವ ತಲೆಯಲ್ಲಿ. "ವರ್ಕ್‌ಶಾಪಲ್ಲೇ ಸ್ನಾನ ಆಯ್ತು, ಗ್ರೀಸು ಮನೇಗ್ಯಾಕೆ ತರ್ಲಿ" ಅನ್ನುತ್ತಿದ್ದಿರಿ. ಎಂಥ ಗಂಡ ಸಿಕ್ಕಿದ್ದಾನೆ, ಬಚ್ಚಲು ತಿಕ್ಕುವ ಕಷ್ಟವನ್ನೂ ತಪ್ಪಿಸುತ್ತಾನೆ ಅಂತ ಅಂಗಡಿಗೆ ಬರುವವರ ಮುಂದೆಲ್ಲ ಕೊಚ್ಚಿಕೊಂಡಿದ್ದೇನೆ. ಬಟ್ಟೆ ಒಗೆದು ಇಸ್ತ್ರಿ ಮಾಡುವ ಅಂಗಡಿ ಇಟ್ಟವಳು ನಾನು. ಕಾಲರ್ ಮೂಸಿದರೆ ಮನುಷ್ಯ ಎಲ್ಲಿ ಕೂತಿದ್ದ, ಏನು ತಿಂದ, ಯಾರ ಹತ್ತಿರ ಬೈಸಿಕೊಂಡ ಎಲ್ಲ ಹೇಳಬಲ್ಲೆ. ನಿಮ್ಮ ಶನಿವಾರದ ಕಾಲರಿನಲ್ಲಿ ಆಸ್ಪತ್ರೆಯ ಕೆಂಪು ಸೋಪಿನ ವಾಸನೆ ಇತ್ತು. ಅನುಮಾನ ಬರಲಿಲ್ಲವೇ ಅಂದರೆ, ಬಂತು. ಒಂದು ವಾರ ಬಂತು. ಆಮೇಲೆ, ಸವತಿಯಾದವಳು ಇಂಥ ಸೋಪು ಇಡುತ್ತಾಳೆಯೇ, ಅವಳಿಗೂ ಒಂದು ಅಂತಸ್ತು ಬೇಡವೇ ಅಂತ ನಾನೇ ನಕ್ಕು ಆ ಅನುಮಾನವನ್ನು ಒಗೆದು ಹಾಕಿದೆ. ನನಗೆ ಹತ್ತಿದ ಚಿಂತೆ ಬೇರೆ. ಒದ್ದೆ ತಲೆಯಲ್ಲಿ ಚಳಿಗೆ ಹೊರಗೆ ಓಡಾಡಿದರೆ ಎದೆಗೆ ಶೀತ ಇಳಿಯುತ್ತದೆ ಅಂತ ನಮ್ಮಮ್ಮ ಹೇಳುತ್ತಿದ್ದಳು, ಅವಳಿಗೆ ಅವಳಮ್ಮ ಹೇಳಿದ್ದಳು. ನಿಮಗೆ ಕೆಮ್ಮು ಶುರುವಾದಾಗ ನಾನು ಗೆದ್ದೆ ಅಂದುಕೊಂಡೆ. "ಹೇಳಲಿಲ್ವಾ ನಾನು?" ಅಂದೆ. ನೀವು ತಲೆ ತಗ್ಗಿಸಿ "ಹೌದು ಕಣೇ, ಒದ್ದೆ ತಲೇದೇ ಕೆಲಸ" ಅಂದಿರಿ. ನೀವು ಅಷ್ಟು ಬೇಗ ಸೋಲೊಪ್ಪುವ ಗಿರಾಕಿಯಲ್ಲ, ಆಗಲಾದರೂ ನನಗೆ ಹೊಳೆಯಬೇಕಿತ್ತು. ಕೆಮ್ಮು ಬೇಸಿಗೆಯಲ್ಲೂ ಪೂರ್ತಿ ನಿಲ್ಲಲಿಲ್ಲ. ಚಳಿಗಾಲದ ಬಾಕಿ, ನಿಧಾನಕ್ಕೆ ತೀರುತ್ತದೆ ಅಂತ ಸುಮ್ಮನಾದೆ. ನೀವು ಕಟ್ಟಬೇಕಾಗಿದ್ದ ಸುಳ್ಳನ್ನು ನಾನೇ ನೂಲು ತಂದು, ನಾನೇ ಹೊಲಿದು, ನಿಮ್ಮ ಮೈಗೆ ಸರಿಯಾಗಿ ಕೂರಿಸಿಕೊಟ್ಟೆ. ಗುಂಡಿ ಹಾಕಿಕೊಳ್ಳುವ ಶ್ರಮ ಮಾತ್ರ ನಿಮ್ಮದು.

ಈಗ ನನ್ನ ಸುದ್ದಿ. ನವೆಂಬರಿನಲ್ಲಿ ನನಗೂ ಕೆಮ್ಮು ಬಂದದ್ದು ನಿಮಗೆ ಗೊತ್ತು. ಆಗ ನೀವು ಏನಂದಿರಿ ಅನ್ನುವುದು ನಿಮಗೆ ನೆನಪಿದೆಯೋ ಇಲ್ಲವೋ, ನನಗಿದೆ. ಹೊಸ್ತಿಲ ಹತ್ತಿರ ಶೂ ಹಾಕಿಕೊಳ್ಳುತ್ತಾ, "ಬೆಳಿಗ್ಗೆ ಎದ್ದು ಒದ್ದೆ ತಲೇಲಿ ಅಂಗಡಿ ಬಾಗಿಲು ತೆಗೀತೀಯ, ಕೆಮ್ಮದೆ ಇನ್ನೇನು ಹಾಡ್ತೀಯಾ?" ಅಂದಿರಿ. ನಾನು ನಕ್ಕೆ. ಪುಟ್ಟಿಯೂ ನಕ್ಕಳು. ನನ್ನ ಮಾತನ್ನೇ ಇಸ್ತ್ರಿ ಹಾಕಿ ಮಡಿಸಿ ನನಗೇ ಕೊಟ್ಟಿರಿ, ನಾನು ಕೈಚಾಚಿ ತೆಗೆದುಕೊಂಡೆ. ನೀವು "ಬೇರೆ ಊರಿಗೆ" ಹೋದ ಮೂರನೆಯ ದಿನ ವಕೀಲರ ಬಿಳಿ ಅಂಗಿಯೊಂದನ್ನು ಹರಡಿಕೊಂಡು ನಿಂತಿದ್ದೆ. ಕೆಮ್ಮು ಬಂತು, ಮುಖ ತಿರುಗಿಸುವಷ್ಟು ಹೊತ್ತೂ ಸಿಗಲಿಲ್ಲ. ನೋಡಿದರೆ ಅಂಗಿಯ ತೋಳಿನ ಮೇಲೆ ಕೆಂಪು ಚುಕ್ಕೆ. ಸೂಜಿ ಚುಚ್ಚಿತೇನೋ ಅಂತ ಬೆರಳುಗಳನ್ನೆಲ್ಲ ತಿರುಗಿಸಿ ನೋಡಿದೆ. ಬೆರಳಿನಲ್ಲಿ ಏನೂ ಇರಲಿಲ್ಲ. ಆ ಕಲೆಯನ್ನು ತಣ್ಣೀರಿನಲ್ಲಿ ತೆಗೆದು, ಅಂಗಿಯನ್ನು ಒಣಹಾಕಿ, ಅಂಗಡಿ ಮುಚ್ಚಿ, ಎದೆ ಆಸ್ಪತ್ರೆಗೆ ಹೋದೆ. ಎಕ್ಸ್‌ರೇ ತೆಗೆದರು, ಕಫ ಪರೀಕ್ಷೆ ಮಾಡಿದರು. ಟಿಬಿ ಅಂದರು. ಹೆದರಬೇಡಿ, ಆರು ತಿಂಗಳು ಮಾತ್ರೆ ನುಂಗಿದರೆ ವಾಸಿಯಾಗುತ್ತದಂತೆ. ಸದ್ಯಕ್ಕೆ ಅಂಗಡಿ ಬಂದ್, ನಾನು ಹಿಂದಿನ ಕೋಣೆಯಲ್ಲಿ, ಪುಟ್ಟಿ ಮುಂದಿನ ಕೋಣೆಯಲ್ಲಿ. ಮಾತ್ರೆಯಿಂದ ಮೂತ್ರ ಕಿತ್ತಳೆ ಬಣ್ಣಕ್ಕೆ ತಿರುಗಿದೆ. ಇಂಥ ಬಣ್ಣದ ರೇಷ್ಮೆ ಇದ್ದಿದ್ದರೆ ತಗೊಳ್ಳುತ್ತಿದ್ದೆ.

ಡಾಕ್ಟರಮ್ಮ ನನಗಿಂತ ಚಿಕ್ಕವಳು, ನಾನು ಕೂರುವ ಮೊದಲೇ ಮಾತು ಶುರು ಮಾಡುವ ಜಾತಿ, ಹಾಗಾಗಿ ನಮಗಿಬ್ಬರಿಗೂ ಹೊಂದಿತು. "ಹತ್ತಿರದಲ್ಲಿ ಯಾರು ಕೆಮ್ಮುತ್ತಾರೆ?" ಅಂತ ಕೇಳಿದಳು. ನನ್ನ ಯಜಮಾನರು, ಆದರೆ ಅವರದು ಬರೀ ಒದ್ದೆ ತಲೆಯ ಕೆಮ್ಮು ಅಂದೆ. ಅವಳು ಪೆನ್ನು ಕೆಳಗಿಟ್ಟು, "ಒದ್ದೆ ತಲೇಲಿ ಓಡಾಡಿದ್ರೆ ಚಳಿ ಆಗುತ್ತೆ ಕಣ್ರೀ, ಟಿಬಿ ಬರಲ್ಲ. ಕಾಯಿಲೆ ಬರೋದು ಕಾಯಿಲೆ ಇರೋ ಮನುಷ್ಯರಿಂದ" ಅಂದಳು. ನಾನು ಬಿಡುತ್ತೇನೆಯೇ? ಹಾಗಾದರೆ ನೆಗಡಿ ಕೆಮ್ಮು ಎಲ್ಲ ಚಳಿಗಾಲದಲ್ಲೇ ಯಾಕೆ ಹೆಚ್ಚು, ಬೇಸಿಗೆಯಲ್ಲಿ ಮನುಷ್ಯರು ಇರುವುದಿಲ್ಲವೇ ಅಂತ ಸಂತೆಯಲ್ಲಿ ಚೌಕಾಸಿ ಮಾಡುವ ಹಾಗೆ ಕೇಳಿದೆ. ಅದಕ್ಕೆ ಅವಳು, "ಚಳಿ ಅಂತ ಕಿಟಕಿ ಬಾಗಿಲೆಲ್ಲ ಮುಚ್ಚಿ, ಒಬ್ಬರ ಉಸಿರನ್ನ ಒಬ್ಬರು ಕುಡ್ಕೊಂಡು ಕೂತಿರ್ತೀರಲ್ಲ, ಅದೂ ಒಂದು ಕಾರಣ" ಅಂದಳು. ರೀ, ನಮ್ಮ ಮನೆಯ ಕಿಟಕಿಗಳನ್ನು ಮುಚ್ಚಿದವಳು ನಾನು. ಸಂದಿಗೆಲ್ಲ ಹಳೇ ಬಟ್ಟೆ ತುರುಕಿ, ಗಾಳಿ ಒಂದು ಎಳೆಯೂ ನುಸುಳದ ಹಾಗೆ ಮಾಡಿದ್ದು ನಿಮ್ಮ ಒದ್ದೆ ತಲೆಗೆ ಗಾಳಿ ತಾಗಬಾರದು ಅಂತ. ಆ ಕೋಣೆಯಲ್ಲಿ ನಾವು ಮೂವರೂ ಮಲಗಿದೆವು.

ಅಷ್ಟಾದರೂ ನನಗೆ ನಿಮ್ಮ ಮೇಲೆ ಸಿಟ್ಟು ಬಂದಿರಲಿಲ್ಲ. ಪಾಪ, ಅವರಿಗೇ ಗೊತ್ತಿಲ್ಲ, ಫೋನಿನಲ್ಲಿ ಬೇಡ, ಎದುರಿಗೇ ಹೇಳೋಣ ಅಂತ ಮಾಸ್ಕ್ ಕಟ್ಟಿಕೊಂಡು ನಿಮ್ಮ ವರ್ಕ್‌ಶಾಪಿಗೆ ನಡೆದೇ ಹೋದೆ, ನೀವು ಯಾವ ಊರಿನಲ್ಲಿದ್ದೀರಿ ಅಂತ ಕೇಳಲು. ಮೇಸ್ತ್ರಿ ಟೀ ಲೋಟ ಹಿಡಿದುಕೊಂಡು ಹೊರಗೆ ಬಂದರು. "ಯಾವೂರು ತಂಗ್ಯಮ್ಮ? ಅವನು ರಜದಲ್ಲಿದ್ದಾನಲ್ಲ. ತಾಯಿಗೆ ಜೋರಾಗಿದೆ ಅಂತ" ಅಂದರು. ನನ್ನ ಕಣ್ಣು ನೋಡಿದ ಮೇಲೆ ಅವರಿಗೆ ಲೋಟ ಎಲ್ಲಿಡಬೇಕು ತಿಳಿಯಲಿಲ್ಲ. ಒಂದೊಂದೇ ಕೇಳಿದೆ, ಅವರು ಒಂದೊಂದೇ ಹೇಳಿದರು. ಶನಿವಾರ ನೀವು ಮಧ್ಯಾಹ್ನವೇ ಹೊರಡುತ್ತೀರಿ. ಹೋಗುವುದು ಅಮ್ಮನ ಮನೆಗೆ. ಅವರಿಗೆ ಎರಡು ವರ್ಷದಿಂದ ಟಿಬಿ, ನಡುವೆ ಮಾತ್ರೆ ಬಿಟ್ಟು ಜಾಸ್ತಿಯಾಗಿದೆ. ವರ್ಕ್‌ಶಾಪಿನಲ್ಲಿ ಇರುವುದು ಕೈ ತೊಳೆಯುವ ನಲ್ಲಿ ಒಂದೇ, ಅಲ್ಲಿ ಯಾರೂ ಯಾವತ್ತೂ ಸ್ನಾನ ಮಾಡಿಲ್ಲ. ಊರಿಗೆಲ್ಲ ಗೊತ್ತಿತ್ತು. ಮೇಸ್ತ್ರಿಗೆ ಗೊತ್ತು, ವೈರ್ ಎಳೆಯುವವರಿಗೆ ಗೊತ್ತು, ಗೇಟಿನವನಿಗೆ ಗೊತ್ತು. ಕಿವಿಗೆ ಹೂ ಇಡಿಸಿಕೊಂಡು ಓಡಾಡಿದವಳು ನಾನೊಬ್ಬಳೇ.

ಬೈಯಬೇಕು ಅಂತಲೇ ನಿಮ್ಮ ಅಮ್ಮನ ಬೀದಿಗೆ ಹೋದೆ. ಒಂಬತ್ತು ವರ್ಷದ ಹಿಂದೆ "ಕಂಡವರ ಬಟ್ಟೆ ತಿಕ್ಕೋಳು ನಮ್ಮ ಜೊತೆ ಊಟಕ್ಕೆ ಕೂರೋದು ಬೇಡ" ಅಂತ ಅವರು ನನ್ನನ್ನು ಎಬ್ಬಿಸಿದ ಮನೆ. ಆವತ್ತು ಅದೇ ಗೇಟಿನಲ್ಲಿ ನಿಂತು ನೀವು, "ನಿನ್ನನ್ನ ಕರೆಯದ ಮನೆಗೆ ನಾನೂ ಕಾಲಿಡಲ್ಲ" ಅಂದಿರಿ. ಆ ಮಾತನ್ನು ನಾನು ಕೇಳಿರಲಿಲ್ಲ ರೀ. ಹೆತ್ತ ತಾಯಿಯನ್ನು ಬಿಡು ಅಂತ ಹೇಳುವವಳೂ ನಾನಲ್ಲ. ನೀವಾಗಿ ಕೊಟ್ಟಿರಿ, ನಾನು ಅದನ್ನು ಚಿನ್ನದ ಹಾಗೆ ಇಟ್ಟುಕೊಂಡೆ, ಅಂಗಡಿ ನಡೆಯದ ದಿನಗಳಲ್ಲಿ ಅದನ್ನೇ ತೆಗೆದು ನೋಡಿಕೊಂಡು ಧೈರ್ಯ ತಂದುಕೊಂಡೆ. ಈಗ ಬೀದಿಯಿಂದಲೇ ನೋಡಿದೆ, ಕಿಟಕಿಯ ಪರದೆ ಅರ್ಧ ಸರಿದಿತ್ತು. ನೀವು ಅವರನ್ನು ಸ್ಟೂಲಿನ ಮೇಲೆ ಕೂರಿಸಿ ತಲೆ ಒರೆಸುತ್ತಿದ್ದಿರಿ. ಅವರ ತಲೆಯಲ್ಲಿ ಇರುವುದೇ ನಾಲ್ಕು ಕೂದಲು, ಅದನ್ನು ಎಳೆ ಎಳೆಯಾಗಿ, ನೋವಾಗದ ಹಾಗೆ, ಗದ್ದ ಹಿಡಿದುಕೊಂಡು. ಪುಟ್ಟಿಯ ತಲೆಯನ್ನು ನೀವು ಹಾಗೆ ಒರೆಸಿದ್ದನ್ನು ನಾನು ನೋಡಿಲ್ಲ. ಆಮೇಲೆ ಬೇಲಿಯಾಚೆ ಕಾಣುವ ಹಿತ್ತಲಿಗೆ ಬಂದು ನಲ್ಲಿಯ ಕೆಳಗೆ ಕೂತಿರಿ, ಈ ಚಳಿಯಲ್ಲಿ, ಆ ತಣ್ಣೀರಿನಲ್ಲಿ. ಸೋಪು ಹಚ್ಚಿ, ತೊಳೆದು, ಮತ್ತೆ ಹಚ್ಚಿ, ಕಿವಿಯ ಹಿಂದೆ, ಉಗುರಿನ ಸಂದಿ, ಹಲ್ಲು ಕಟಕಟ ಅನ್ನುವವರೆಗೆ. ಆಗ ಅರ್ಥವಾಯಿತು. ಎರಡು ವರ್ಷದಿಂದ ನೀವು ಕಾಯಿಲೆಯನ್ನು ಅಲ್ಲೇ ತೊಳೆದು ಬಿಟ್ಟು ಬರುತ್ತಿದ್ದೇನೆ ಅಂದುಕೊಂಡಿದ್ದೀರಿ. ಗ್ರೀಸಿನ ಹಾಗೆ ಅದೂ ಮೈಗೆ ಮೆತ್ತಿಕೊಳ್ಳುತ್ತದೆ, ನೀರು ಬಿದ್ದರೆ ಹೋಗುತ್ತದೆ ಅಂತ. ಗೇಟು ಮುಟ್ಟದೆ ಹಿಂದಿರುಗಿದೆ.

ದಾರಿಯುದ್ದಕ್ಕೂ ನಿಮ್ಮ ಪರವಾಗಿ ನಾನೇ ವಾದ ಮಾಡಿದೆ. ತಾಯಿ, ಮುದುಕಿ, ಒಬ್ಬಂಟಿ. ಹೋಗದೆ ಇರಲು ಕಲ್ಲೇ? ಹೋದದ್ದಕ್ಕೆ ನನಗೆ ಸಂಕಟವಿಲ್ಲ. ಮಾತು ಮುರಿದದ್ದನ್ನೂ ಹೇಗೋ ನುಂಗುತ್ತೇನೆ, ದಿನಾ ನುಂಗುವ ಮಾತ್ರೆಗಳ ಜೊತೆ ಅದೂ ಒಂದು. ಆದರೆ ನವೆಂಬರಿನ ಆ ಬೆಳಿಗ್ಗೆ ನಾನು ಕೆಮ್ಮಿದಾಗ ನಿಮಗೆ ಕಾಯಿಲೆಯ ಹೆಸರು ಗೊತ್ತಿತ್ತು. ಅಮ್ಮನ ಮಾತ್ರೆ ನಿಮ್ಮ ಜೇಬಿನಲ್ಲೇ ಇದ್ದಿರಬಹುದು. ಗೊತ್ತಿದ್ದೂ ತಪ್ಪನ್ನು ನನ್ನ ಒದ್ದೆ ತಲೆಯ ಮೇಲೆ ಹಾಕಿ, ನಗಿಸಿ, ಶೂ ಕಟ್ಟಿಕೊಂಡು ಹೊರಟಿರಿ. ನಾನು ಅತ್ತೆಯ ಸೇವೆಗೆ ಅಡ್ಡ ನಿಲ್ಲುತ್ತೇನೆ ಅಂದುಕೊಂಡಿರಾ, ಇಲ್ಲ ಪುಟ್ಟಿಯನ್ನು ಕರೆದುಕೊಂಡು ಹೊರಟುಬಿಡುತ್ತೇನೆ ಅಂತಲೇ? ಒಂಬತ್ತು ವರ್ಷ ಒಂದೇ ಸೂರಿನಡಿ ಬಾಳಿ ನನಗೆ ಅಷ್ಟು ಅಗ್ಗದ ಬೆಲೆ ಕಟ್ಟಿದಿರಲ್ಲ. ಅಷ್ಟು ನೀರು ಸುರಿದುಕೊಂಡವರಿಗೆ ಒಂದು ಮಾತು ಆಡಲಾಗಲಿಲ್ಲವೇ? ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಅನ್ನುತ್ತಾರೆ. ನಾನು ಉಂಡೆ, ಮಲಗಿದೆ, ಎದ್ದೆ. ಅದು ಇನ್ನೂ ಇಲ್ಲೇ ಕೂತಿದೆ.

ಕಿಟಕಿಗಳನ್ನೆಲ್ಲ ತೆರೆದಿಟ್ಟೇ ಇದನ್ನು ಬರೆಯುತ್ತಿದ್ದೇನೆ, ಬೆರಳು ಮರಗಟ್ಟಿ ಅಕ್ಷರ ಕೆಟ್ಟಿದೆ, ಓದಿಕೊಳ್ಳಿ. ನಿಮ್ಮ ಅಮ್ಮನಿಗೆ ನನ್ನ ನಮಸ್ಕಾರ ಹೇಳುವುದು ಬಿಡುವುದು ನಿಮಗೆ ಬಿಟ್ಟದ್ದು. ಕದ್ದು ಹೇಳುವುದಾದರೆ ಬೇಡ. ಪುಟ್ಟಿ ಅಪ್ಪನಿಗೆ ಒಂದು ಸೀಟಿ ಕಳಿಸಿದ್ದಾಳೆ, ಅದನ್ನು ಕಾಗದದಲ್ಲಿ ಹೇಗೆ ಹಾಕುವುದೋ ತಿಳಿಯದೆ ಹೀಗೆ ಬರೆದಿದ್ದೇನೆ. ದೇವರು ನಿಮ್ಮ ಎದೆಯನ್ನು ಕಾಯಲಿ, ಒಳಗಿರುವ ಮಾತನ್ನು ಮಾತ್ರ ಕಾಯದಿರಲಿ.

ಇಂತಿ,
ಪುಟ್ಟಿಯ ಅಮ್ಮ
(ಬೇರೆ ಏನು ಬರೆಯಲೂ ಇವತ್ತು ಕೈ ಬರಲಿಲ್ಲ)

ತಾ.ಕ.: ಲಕೋಟೆ ಅಂಟಿಸುವ ಮೊದಲು ಇದೊಂದು. ಪುಟ್ಟಿಯ ಪರೀಕ್ಷೆಯಾಯಿತು, ಎದೆ ಶುದ್ಧವಾಗಿದೆ, ಮುಂಜಾಗ್ರತೆಗೆ ಮಾತ್ರೆ ಕೊಟ್ಟಿದ್ದಾರೆ. ಕಾಯಿಲೆ ಕೂದಲಿಗೋ ಬಟ್ಟೆಗೋ ಅಂಟಿಕೊಂಡು ಮನೆಗೆ ಬರುವುದಿಲ್ಲವಂತೆ, ಕೆಮ್ಮುವ ಎದೆಯಿಂದಲೇ ಬರಬೇಕಂತೆ. ನಾನು ನಿಮ್ಮ ಅಮ್ಮನ ಉಸಿರಿನ ಹತ್ತಿರ ಹೋಗಿ ಒಂಬತ್ತು ವರ್ಷವಾಯಿತು. ಹಾಗಾದರೆ ನನಗೆ ಬಂದದ್ದು ನಿಮ್ಮ ಎದೆಯಿಂದ ಅನ್ನುತ್ತಾಳೆ ಡಾಕ್ಟರಮ್ಮ. ಅದು ಈಗಲೂ ಅಲ್ಲೇ ಇದೆ. ಬುಧವಾರ ಬೆಳಿಗ್ಗೆ ಎದೆ ಆಸ್ಪತ್ರೆಯಲ್ಲಿ ನಿಮ್ಮ ಹೆಸರು ಬರೆಸಿದ್ದೇನೆ, ಎಕ್ಸ್‌ರೇ ತೆಗೆಸಿಕೊಳ್ಳಿ. ಅಮ್ಮನನ್ನು ಒಬ್ಬರನ್ನೇ ಬಿಟ್ಟು ಹೇಗೆ ಬರಲಿ ಅನ್ನಬೇಡಿ. ನೀವು ಹೊರಡುವ ಹೊತ್ತಿಗೆ ನಾನು ಅಲ್ಲಿಗೆ ಬಂದು ಅವರ ಹತ್ತಿರ ಕೂರುತ್ತೇನೆ, ಅವರಿಂದ ನನಗೆ ಹೊಸದಾಗಿ ಹತ್ತಲು ಇನ್ನೇನೂ ಉಳಿದಿಲ್ಲ. ಇದನ್ನು ಕ್ಷಮೆ ಅಂತ ತಿಳಿಯಬೇಡಿ. ನಾನು ಬರುತ್ತೇನೆ ಅಂತ ನೀವೇ ಅವರಿಗೆ ಮುಂಚಿತವಾಗಿ ಹೇಳಿರಬೇಕು, ಬರುವವಳು ಯಾರು ಅಂತಲೂ. ಹೇಳಿಲ್ಲ ಅಂತ ಅವರ ಮುಖ ನೋಡಿದರೆ ನನಗೆ ಗೊತ್ತಾಗುತ್ತದೆ. ಆಗಲೂ ಕೂರುತ್ತೇನೆ, ನಿಮ್ಮ ಎಕ್ಸ್‌ರೇ ಆಗುವವರೆಗೆ. ಅದರಾಚೆಗೆ ನಮ್ಮಿಬ್ಬರ ನಡುವೆ ಆಡಲು ಮಾತು ಇರುವುದಿಲ್ಲ.