ಗಂಟೆ ಹೊಡೆದ ಮೇಲೆ

ಮಿನೆಸೋಟ,
ಅಕ್ಟೋಬರ್ 9

ಪ್ರೀತಿಯ ಡೊರೀನ್ ಚಿಕ್ಕಮ್ಮ,

ಈ ಬೆಳಿಗ್ಗೆ ಅಮ್ಮ ಕಾಫಿ ಲೋಟವನ್ನು ಎರಡು ಅಂಗೈಗಳ ನಡುವೆ ಒತ್ತಿ ಹಿಡಿದು ಕುಡಿಯುತ್ತಿದ್ದಳು. ಕೀಮೋ ಮುಗಿದರೂ ಬೆರಳ ತುದಿಗಳು ಇನ್ನೂ ಜೋಮು ಹಿಡಿದೇ ಇವೆ. ನಿಮ್ಮ ಪತ್ರಗಳಿಗೆ ಉತ್ತರಿಸಲಿಲ್ಲವೆಂದು ಬೇಸರಿಸಬೇಡಿ. ಫೋನಿನಲ್ಲಿ ಹೇಳೋಣವೆಂದರೆ ಅಮ್ಮ ಪಕ್ಕದಲ್ಲೇ ಇರುತ್ತಾಳೆ.

ಒಳ್ಳೆಯ ಸುದ್ದಿ ನಿಮಗೆ ತಲುಪಿರಬೇಕು. ಕೀಮೋದ ಕೊನೆಯ ದಿನ ಆಸ್ಪತ್ರೆಯ ಗೋಡೆಯಲ್ಲಿರುವ ಹಿತ್ತಾಳೆ ಗಂಟೆ ಹೊಡೆಸುತ್ತಾರಲ್ಲ, ಅಮ್ಮನೂ ಹೊಡೆದಳು. ನರ್ಸುಗಳು ಚಪ್ಪಾಳೆ ತಟ್ಟಿದರು. ಅಷ್ಟು ತಿಂಗಳೂ ಹೊರಗೆ ಟ್ರಕ್ಕಿನಲ್ಲೇ ಕಾದಿದ್ದ ಅಪ್ಪ ಅವತ್ತೊಂದು ದಿನ ಒಳಗೆ ಬಂದು, ಟೋಪಿ ಕೈಯಲ್ಲಿ ಹಿಡಿದು ಅತ್ತ. ಭಾನುವಾರ ಚರ್ಚಿನಲ್ಲಿ ಕೇಕ್ ಕತ್ತರಿಸಿದರು. "ನನ್ನ ಕೈಯಡುಗೆಯ ಹಾಟ್‌ಡಿಶ್ ತಿಂದೂ ಬದುಕಿದವಳು, ಕ್ಯಾನ್ಸರ್ ಇವಳಿಗೇನು ಮಾಡೀತು?" ಎಂದು ಪಕ್ಕದ ಹೊಲದ ವರ್ನಾ ಎಲ್ಲರನ್ನೂ ನಗಿಸಿದಳು.

ನನಗೆ ನಗು ಬರಲಿಲ್ಲ. ಡಾಕ್ಟರ್ ಮೊದಲ ದಿನವೇ ಒಳಗಿದ್ದ ಅಮ್ಮನಿಗೂ ನನಗೂ ಬಿಡಿಸಿ ಹೇಳಿದ್ದರು: ಗಡ್ಡೆ ದೊಡ್ಡದು, ಕಂಕುಳಿಗೂ ಹರಡಿದೆ; ಮೊದಲು ಔಷಧಿಯಿಂದ ಕುಗ್ಗಿಸಿ, ಆಮೇಲೆ ಸ್ತನ ತೆಗೆದು, ಕೊನೆಗೆ ವಿಕಿರಣ ಕೊಡಬೇಕು. ನಡುವೆ ಬಿಟ್ಟರೆ ಉಳಿದದ್ದು ಮತ್ತೆ ತಲೆಯೆತ್ತಬಹುದು. ಮಂಗಳವಾರ ಶಸ್ತ್ರಚಿಕಿತ್ಸೆ. ಅಮ್ಮ ಹೋಗುವುದಿಲ್ಲ ಎನ್ನುತ್ತಾಳೆ.

"ಮುಟ್ಟಿ ನೋಡ್ಕೊಂಡೆ. ಏನೂ ಸಿಗ್ತಿಲ್ಲ. ಇಲ್ಲದ್ದನ್ನ ಏನಂತ ಕುಯ್ಯಿಸ್ಕೊಳ್ಳಲಿ?"

ಅಂಗಿಯ ಗುಂಡಿಯೂ ತಿಳಿಯದ ಆ ಬೆರಳುಗಳಿಂದ ಮುಟ್ಟಿ ನೋಡಿದ್ದಾಳೆ, ಚಿಕ್ಕಮ್ಮ. ಡಾಕ್ಟರ್ ಹೇಳಿದ್ದನ್ನು ನೆನಪಿಸುವ ಬದಲು ನಾನು ಅವಳ ಲೋಟಕ್ಕೆ ಇನ್ನಷ್ಟು ಕಾಫಿ ಸುರಿದೆ. ನನ್ನ ಸ್ವಭಾವ ನಿಮಗೆ ಗೊತ್ತಲ್ಲ. ಓದಿದ್ದು ಸಾಹಿತ್ಯ, ಆಡಬೇಕಾದ ಒಂದು ವಾಕ್ಯ ಮಾತ್ರ ಆಡಲಾರೆ. ಅವಳು ಮಹಡಿಯಲ್ಲಿ ಕೆಮ್ಮಿದರೂ ಈಗ ಮೆಟ್ಟಿಲ ಬುಡಕ್ಕೆ ಹೋಗಿ ನಿಲ್ಲುತ್ತೇನೆ.

ನಿಮ್ಮ ಮಂಡಿನೋವು ಹೇಗಿದೆ? ಸೇಬಿನ ಜಾಮ್ ಬೇರೆ ಪಾರ್ಸೆಲ್‌ನಲ್ಲಿ ಕಳಿಸಿದ್ದೇನೆ. ದೇವರು ನಿಮ್ಮನ್ನು ಚೆನ್ನಾಗಿಟ್ಟಿರಲಿ. ನಮಗಾಗಿಯೂ ಅವನಲ್ಲಿ ಒಂದು ಮಾತು ಕೇಳಿಕೊಳ್ಳಿ.

ನಿಮ್ಮ
ಬ್ರಿಟಾ

ತಾ.ಕ.: ಇಷ್ಟು ಬರೆದು ಪಾತ್ರೆ ಒರೆಸಲು ಹೋದೆ. ಅಮ್ಮ ಸಿಂಕಿನಿಂದ ತಲೆಯೆತ್ತದೆ ಹೇಳಿದಳು: "ಅದು ಹೋಗಿಲ್ಲ ಅಂತ ನಂಗೂ ಗೊತ್ತು ಕಣೇ. ಗಂಟೆ ಹೊಡೆದ್ರೆ ಎಲ್ಲ ಮುಗೀತು ಅಂತ ನಿಮ್ಮಪ್ಪ ನಂಬ್ಕೊಂಡಿದ್ದಾನೆ. ಈಗ ರಾತ್ರಿ ನಿದ್ದೆ ಮಾಡ್ತಾನೆ. ಅವನನ್ನ ಮತ್ತೆ ಎಬ್ಬಿಸೋಕೆ ನನ್ನ ಕೈಲಿ ಆಗಲ್ಲ."

ಅಪ್ಪ ಶೆಡ್ಡಿನಲ್ಲಿ ಟ್ರ್ಯಾಕ್ಟರ್ ಕೆಳಗೆ ಮಲಗಿ ಸಿಳ್ಳೆ ಹಾಕುತ್ತಿದ್ದಾನೆ, ಇಲ್ಲಿಗೂ ಕೇಳುತ್ತಿದೆ. ಈ ಲಕೋಟೆ ಅಂಟಿಸಿ, ಹೋಗಿ ಅವನಿಗೆ ಮಂಗಳವಾರದ ವಿಷಯ ಹೇಳುತ್ತೇನೆ.