ಬೆನ್ನ ಹಿಂದಿನ ಚಿತ್ರ

ಭಾನುವಾರ, ಮಧ್ಯಾಹ್ನ

ನನ್ನ ಅಕ್ಕನಿಗೆ,

ನೀನು ಹೇಳಿದ ಚಿತ್ರ ಮನೆಗೆ ಬಂತು. ಅಪ್ಪ ಮಾತಾಡಿದರು. ಮರೆವು ಹೆಚ್ಚಾಗಿ ಮಾತು ನಿಂತ ಮೇಲೆ ಇದೇ ಮೊದಲು. ಇದನ್ನು ಮೊದಲೇ ಬರೆದುಬಿಡುತ್ತೇನೆ, ಇಲ್ಲದಿದ್ದರೆ ನೀನು ನಡುವಿನ ಸಾಲುಗಳನ್ನೆಲ್ಲ ಹಾರಿಸಿ ಓದುತ್ತೀಯ.

ಮ್ಯೂಸಿಯಂ ಚಿತ್ರಗಳ ಪ್ರಿಂಟ್ ಮಾರುವ ಅಂಗಡಿಯೊಳಗೆ ಹೋಗಲು ನನಗೆ ಕಾಲೇ ಏಳಲಿಲ್ಲ. ಎಲ್ಲರೂ ಪಿಸುಮಾತಿನಲ್ಲಿ ವ್ಯಾಪಾರ ಮಾಡುವ ಅಂಗಡಿ ಅದು. ಆ ಚಿತ್ರವನ್ನು ನಾನು ಕಂಡವಳಲ್ಲ, ನೀನು ಬರೆದದ್ದನ್ನೇ ಒಪ್ಪಿಸಿದೆ: ಮ್ಯೂಸಿಯಂನಲ್ಲಿ ಅಪ್ಪ ಕಾವಲಿದ್ದ ಕೋಣೆಯದು, ನೀಲಿ ಗೋಡೆ, ಕಿಟಕಿಯ ಪಕ್ಕ ಕುಳಿತ ಹೆಂಗಸು, ಅವಳಿಗೆ ಕಣ್ಣು ಮೂಗು ಇಲ್ಲ. ಅಂಗಡಿಯವನು ನಗಲಿಲ್ಲ. ಹತ್ತಿಯಿಂದ ಮಾಡಿದ ದಪ್ಪ ಕಾಗದ ಮುಟ್ಟಿ ನೋಡಲು ಕೊಟ್ಟ. ಅಸಲಿನ ಅಳತೆಯಲ್ಲೇ ಪ್ರಿಂಟ್ ಹಾಕಿಸಿದ. ‘ನೂರು ವರ್ಷ ಆದ್ರೂ ಬಣ್ಣ ಮಾಸಲ್ಲ ಮೇಡಂ’ ಎಂದ. ಅಷ್ಟು ದಿನ ನಮಗೆ ಬೇಡ ಎನ್ನಬೇಕೆನಿಸಿತು. ತಲೆಯಾಡಿಸಿ ಬಂದೆ.

ಅಮ್ಮ ಬಿಚ್ಚಿ ನೋಡಿ, ‘ಇಷ್ಟು ದೊಡ್ಡದಾಗಿ ಬರೆದು ಮುಖ ಬರೆಯೋದೇ ಮರೆತನಾ ಪುಣ್ಯಾತ್ಮ!’ ಎಂದಳು. ಎಷ್ಟೋ ದಿನದ ಮೇಲೆ ಇಬ್ಬರೂ ನಕ್ಕೆವು.

ಕಣ್ಣು ಬಿಟ್ಟರೆ ಕಾಣಲಿ ಎಂದು ಮಂಚದ ಎದುರಿನ ಗೋಡೆಗೆ ಹಾಕಿದೆವು. ಅಪ್ಪ ನೋಡಿದರು, ಬರಿಯ ಗೋಡೆ ನೋಡಿದ ಹಾಗೆ. ಮರುದಿನವೂ ಅಷ್ಟೇ. ನಿನಗೆ ಹೇಗೆ ತಿಳಿಸಲಿ ಎಂದು ಸಂಕಟವಾಯಿತು. ಅವರ ತಲೆ ಬಾಚುತ್ತಿದ್ದಾಗ ಹೊಳೆಯಿತು: ಅಪ್ಪ ಅಷ್ಟು ವರ್ಷ ನಿಂತದ್ದು ಚಿತ್ರಕ್ಕೆ ಬೆನ್ನು ಹಾಕಿ ಅಲ್ಲವೇ? ಅವರು ನೋಡುತ್ತಿದ್ದದ್ದು ನೋಡಲು ಬಂದವರನ್ನು.

ಚಿತ್ರವನ್ನು ತೆಗೆದು ಅವರ ತಲೆಯ ಹಿಂದಿನ ಗೋಡೆಗೆ ಹಾಕಿದೆ. ಸೊಟ್ಟಗಿದೆಯೇನೋ ಎಂದು ಹತ್ತಿರ ಬಗ್ಗಿ ನೋಡುತ್ತಿದ್ದೆ. ದಿಂಬಿಗೊರಗಿದ್ದ ಅಪ್ಪ ಬೆನ್ನು ನೆಟ್ಟಗೆ ಮಾಡಿ ಕುಳಿತು, ‘ಸ್ವಲ್ಪ ಹಿಂದೆ ನಿಂತು ನೋಡಿ ತಾಯಿ. ದೂರದಿಂದಲೇ ಚೆನ್ನಾಗಿರತ್ತೆ’ ಎಂದರು. ಅದೇ ಧ್ವನಿ, ಅಕ್ಕಾ. ಬಾಗಿಲಲ್ಲಿ ನಿಂತಿದ್ದ ಅಮ್ಮ ಬಾಯಿಗೆ ಕೈ ಅಡ್ಡ ಹಿಡಿದಳು.

ಈಗ ದಿನಾ ಮಾತಾಡುತ್ತಾರೆ. ಊಟದ ಬಿಡುವು ಎಂದರೆ ತಟ್ಟೆಯನ್ನೂ ಖಾಲಿ ಮಾಡುತ್ತಾರೆ. ಆದರೆ ಡಾಕ್ಟರು ಹೆಚ್ಚು ದಿನ ಹೇಳಿಲ್ಲ. ಬೇಗ ಹೊರಟು ಬಾ. ನನ್ನ ಚಿಂತೆ ಬೇಡ, ನಾನು ಚೆನ್ನಾಗಿದ್ದೇನೆ.

ನಿನ್ನ ದಾರಿ ನೋಡುತ್ತಿರುವ
ಪುಟ್ಟಿ

ಮರೆತದ್ದು: ಬಂದ ಕೂಡಲೇ ಅಪ್ಪಾ ಎಂದು ತಬ್ಬಿಕೊಳ್ಳಬೇಡ, ಹೆದರುತ್ತಾರೆ. ಸುಮ್ಮನೆ ಚಿತ್ರ ನೋಡುತ್ತಾ ನಿಲ್ಲು, ಅವರೇ ಮಾತಾಡಿಸುತ್ತಾರೆ. ನಿನ್ನೆ ನನಗೆ, ‘ನಂಗೂ ಇಬ್ಬರು ಹೆಣ್ಣುಮಕ್ಕಳಿದಾರೆ ತಾಯಿ. ದೊಡ್ಡವಳು ಎಲ್ಲಾ ಕಡೆ ನುಗ್ತಾಳೆ. ಚಿಕ್ಕವಳಿಗೆ ನಾಚಿಕೆ, ಇಲ್ಲಿಗೆ ಒಂದ್ಸಲನೂ ಬಂದಿಲ್ಲ. ಅವಳನ್ನ ಕರ್ಕೊಂಡು ಬಂದು ಇದನ್ನ ತೋರಿಸ್ಬೇಕು’ ಎಂದರು. ‘ಖಂಡಿತ ಕರ್ಕೊಂಡು ಬನ್ನಿ’ ಎಂದೆ.