ಎಡಗೈಯ ಕಿರುಬೆರಳು

ಗ್ಯುಮ್ರಿ, ಅಕ್ಟೋಬರ್ 14

ಪ್ರೀತಿಯ ನಾಜೆಲಿ,

ಡಿಸೆಂಬರಿನಲ್ಲಿ ನಮ್ಮೂರಲ್ಲೇ ನಡೆಯುವ ನಿನ್ನ ಕಛೇರಿಗೆ ಬಂದು ನನ್ನ ದುದುಕ್ ಊದಿ ಶ್ರುತಿ ಹಿಡಿಯಬೇಕೆಂದು ನೀನು ಬರೆದಿದ್ದೆ. ಮಂಡಿ ನೋವು, ಬರಲಾರೆ, ಮೇಲಾಗಿ ನಿನ್ನ ಜಾಝಿನಲ್ಲಿ, ಆ ರಾಕ್ ಗಿಟಾರು ಡ್ರಮ್ಮುಗಳ ಸಂತೆಯಲ್ಲಿ ನನಗೇನು ಕೆಲಸ ಎಂದು ಫೋನಿನಲ್ಲಿ ರೇಗಿದೆ. ನೀನು ಆಯ್ತಪ್ಪ ಎಂದು ಫೋನಿಟ್ಟೆ. ಅದು ಮೂರು ದಿನ ನನ್ನನ್ನು ಕೊರೆಯಿತು. ಶನಿವಾರ ಯಾರಿಗೂ ಹೇಳದೆ ವ್ಯಾನು ಹತ್ತಿ ಯೆರೆವಾನಿಗೆ ಬಂದು, ಅಲ್ಲಿ ಅಂದು ನಡೆದ ನಿನ್ನ ಕಛೇರಿಯ ಕೊನೇ ಸಾಲಿನಲ್ಲಿ ಟೋಪಿ ಕಣ್ಣಿಗೆಳೆದುಕೊಂಡು ಕೂತೆ.

ನೀನು ಪಿಯಾನೋ ಆರಿಸಿಕೊಂಡ ದಿನ ನಾನಾಡಿದ ಮಾತು ನಿನಗೆ ನೆನಪಿರಬೇಕು. ಹುಟ್ಟಿದ ಕೂಡಲೇ ಸಾಯುವ ಸ್ವರ ಅದರದು, ಶ್ರುತಿ ಹಿಡಿಯಲೂ ಬಾರದ ಪೆಟ್ಟಿಗೆ ಎಂದಿದ್ದೆ. ಮೂವತ್ತು ವರ್ಷ ಮದುವೆಗಳಲ್ಲಿ, ಸಾವಿನ ಮನೆಗಳಲ್ಲಿ ಗೆಳೆಯ ಸೆದ್ರಾಕ್ ದುದುಕ್ ಊದಿ ಹಾಡು ನುಡಿಸಿದ. ನಾನು ಪಕ್ಕದಲ್ಲಿ ಇನ್ನೊಂದು ದುದುಕ್ ಹಿಡಿದು, ಕೆನ್ನೆ ಉಬ್ಬಿಸಿ, ಆ ಗಾಳಿ ಊದುತ್ತಲೇ ಮೂಗಿನಲ್ಲಿ ಉಸಿರೆಳೆದುಕೊಂಡು, ಎಲ್ಲೂ ಕಡಿಯದೆ ಶ್ರುತಿಯ ಅದೇ ಒಂದು ಸ್ವರ ಹಿಡಿದು ಕೂತೆ. ಜನ ಅವನ ಕೈ ಕುಲುಕಿ ನನ್ನನ್ನು ದಾಟಿ ಹೋಗುತ್ತಿದ್ದರು. ಬೇಜಾರಿರಲಿಲ್ಲ ಎಂದರೆ ಸುಳ್ಳಾಗುತ್ತದೆ. ಚಿಕ್ಕವಳಿದ್ದಾಗ ನೀನೊಬ್ಬಳೇ ನನ್ನೆದುರು ಕೂತು, ನನ್ನ ಹಾಗೇ ಕೆನ್ನೆ ಉಬ್ಬಿಸಿ ಅಣಕಿಸುತ್ತಿದ್ದೆ.

ಶನಿವಾರ ನೀನು ನೇಗಿಲ ಹಾಡು ಎತ್ತಿಕೊಂಡೆ, ನಿನ್ನಜ್ಜ ಎತ್ತುಗಳಿಗೆ ಹಾಡುತ್ತಿದ್ದದ್ದು. ಎರಡು ಸಾಲು ದಾಟುವುದರೊಳಗೆ ಡ್ರಮ್ಮು ನುಗ್ಗಿತು, ಗಿಟಾರು ಕಿರುಚಿತು, ನಿನ್ನ ಬಲಗೈ ಯಾರೂ ಹೇಳಿಕೊಡದ ದಾರಿ ಹಿಡಿದು ಓಡಿತು. ಹೋಯಿತು, ಇವಳಿನ್ನು ಹಾಡಿಗೆ ವಾಪಸು ಬರುವುದಿಲ್ಲ ಎಂದುಕೊಂಡೆ. ಆಗ ಅಡಿಯಲ್ಲಿ ಕೇಳಿಸಿತು, ನಾನು ಮೂವತ್ತು ವರ್ಷ ಹಿಡಿದ ಅದೇ ಸ್ವರ. ಅದು ಸಾಯುವ ಮೊದಲೇ ನಿನ್ನ ಎಡಗೈಯ ಕಿರುಬೆರಳು ಮತ್ತೆ ಮತ್ತೆ ಮೆಲ್ಲಗೆ ತಟ್ಟಿ ಬದುಕಿಸುತ್ತಿತ್ತು. ಅಷ್ಟೂ ಗದ್ದಲ ಅದರ ಮೇಲೆ ನಿಂತಿತ್ತು. ನೀನು ಎಲ್ಲಿಗೆ ಓಡಿದರೂ ಅದು ನಿನಗಾಗಿ ಕಾದಿತ್ತು.

ಪಕ್ಕದಲ್ಲಿದ್ದ ಮುದುಕಿ ನನ್ನನ್ನು ತಿವಿದು, "ನೋಡಣ್ಣ, ಆ ಹುಡುಗಿ ಕೆನ್ನೆ ಉಬ್ಬಿಸ್ಕೊಂಡು ಕೂತಿದಾಳೆ. ಪಿಯಾನೋಗೂ ಗಾಳಿ ಊದ್ಬೇಕಾ?" ಎಂದಳು. ಅವಳು ನನ್ನ ಮಗಳು ಎಂದೆ.

"ಹೂಂ, ಅದಕ್ಕೇ ಆಗ್ಲಿಂದ ನಿನ್ ಕೆನ್ನೇನೂ ಉಬ್ಕೊಂಡಿದೆ" ಎಂದಳು.

ನಾಜೆಲಿ, ಈ ಅರವತ್ತೆಂಟು ವರ್ಷದಲ್ಲಿ ನಾನು ಇಷ್ಟು ದೊಡ್ಡದನ್ನು ಕೇಳಿರಲಿಲ್ಲ. ಎಲ್ಲರೂ ಎದ್ದು ಚಪ್ಪಾಳೆ ತಟ್ಟಿದರು, ನಾನು ಟೋಪಿಯನ್ನು ಇನ್ನಷ್ಟು ಕೆಳಗೆಳೆದುಕೊಂಡೆ. ನಿನ್ನ ಮುಂದೆ ಬರಲು ಧೈರ್ಯ ಸಾಲದೆ, ವ್ಯಾನಿಗೆ ಹೊತ್ತಾಯಿತೆಂದು ನನಗೆ ನಾನೇ ನೆಪ ಹೇಳಿಕೊಂಡು ಊರಿಗೆ ಬಂದೆ.

ಡಿಸೆಂಬರಿಗೆ ಬರುತ್ತೇನೆ. ಪಿಯಾನೋದ ಎಡಗಡೆಗೆ ನನಗೊಂದು ಕುರ್ಚಿ ಹಾಕಿಸು.

ನಿನ್ನ ಅಪ್ಪ,
ಹ್ರಾಚಿಕ್

ಇನ್ನೊಂದು ಮಾತು: ಮಂಡಿಗೆ ಏನೂ ಆಗಿಲ್ಲ. ಹೋದ ಚಳಿಗಾಲದ ನ್ಯುಮೋನಿಯಾ ಆದಮೇಲೆ ಸ್ವರ ಹಿಡಿದರೆ ನನ್ನ ಉಸಿರು ನಾಲ್ಕು ನಿಮಿಷ ದಾಟುವುದಿಲ್ಲ. ಊರವರ ಮುಂದೆ ಸ್ವರ ಕಡಿದುಹೋದೀತೆಂದು ಹೆದರಿ ತಪ್ಪನ್ನು ಮಂಡಿಯ ಮೇಲೆ ಹಾಕಿದೆ. ಐದನೇ ನಿಮಿಷಕ್ಕೆ ದುದುಕ್ ಕೆಳಗಿಳಿಸುತ್ತೇನೆ. ನಿನ್ನ ಕಿರುಬೆರಳು ಸಿದ್ಧವಾಗಿರಲಿ.